ತೋಟದ ಕೆರೆಯಿಂದ ಒಂದು ಬಾಟಲಿ ಹೈಡ್ರಾ: ಕುಟುಕು ಕೋಶವನ್ನು ಮನೆಯಲ್ಲೇ ನೋಡುವುದು ಹೇಗೆ

ಕಾಡಂಚಲ್ಲಿ ಓಡಾಡಿದವರಿಗೆ ತುರಚೆ ಗಿಡದ ಪರಿಚಯ ಮಾಡಿಕೊಡಬೇಕಾಗಿಲ್ಲ. ತಾಗಿದರೆ ಮುಗಿಯಿತು, ಕೆರೆದುಕೊಳ್ಳುತ್ತಾ ಕೂರಬೇಕು. ನೀವು ತೋಟದ ಯಜಮಾನರೋ, ಮನೆಗೆ ಬಂದ ನೆಂಟರೋ, ದಾರಿ ತಪ್ಪಿದ ಕರುವೋ, ಅದಕ್ಕೆ ಎಲ್ಲರೂ ಒಂದೇ. ಮುಟ್ಟಿದರೆ ಮುಳ್ಳಿನ ತುದಿ ಮುರಿಯುತ್ತದೆ, ರಸ ಒಳಗೆ ಹೋಗುತ್ತದೆ.

ಅಂಬಲಿ ಮೀನು, ಹವಳ, ಕಡಲ ಹೂ (ಸೀ ಅನಿಮೋನ್ ಅನ್ನುವ ಪ್ರಾಣಿ), ಇವೆಲ್ಲ ಸೇರಿದ ಗುಂಪಿಗೆ ನೈಡೇರಿಯಾ ಅಂತ ಹೆಸರು. ಗ್ರೀಕ್ ಭಾಷೆಯಲ್ಲಿ ತುರಚೆ ಗಿಡಕ್ಕೆ ಇರುವ ಪದದಿಂದಲೇ ಆ ಹೆಸರು ಬಂದಿದೆ. ಆದರೆ ಇವುಗಳ ಕುಟುಕು ತುರಚೆಯ ಹಾಗೆ ಕುರುಡಲ್ಲ. ಮುಟ್ಟಿದ್ದು ಯಾರು ಅಂತ ಮೊದಲು ವಿಚಾರಿಸುತ್ತದೆ. ನಮ್ಮೂರಲ್ಲಿ ಹೊಸಬರು ಸಿಕ್ಕರೆ ಮೊದಲು ಮನೆ ಹೆಸರು ಕೇಳ್ತಾರಲ್ಲ, ಹಾಗೆ. ನನ್ನದೇ ಮೈಯಾ, ಊಟನಾ, ಹೊರಗಿನವನಾ? ರೋಗನಿರೋಧಕ ಶಕ್ತಿ ಅನ್ನುವ ದೊಡ್ಡ ಶಾಸ್ತ್ರದ ಬುಡದಲ್ಲಿ ಇರುವುದೂ ಇದೇ ಪ್ರಶ್ನೆ.

ಇದನ್ನು ನೋಡಲು ಸಮುದ್ರಕ್ಕೆ ಹೋಗಬೇಕಾಗಿಲ್ಲ. ಈ ಗುಂಪಿನ ಒಂದು ಪುಟ್ಟ ನೆಂಟ ಸಿಹಿನೀರಲ್ಲೇ ಇದೆ. ಹೈಡ್ರಾ. ಪಿಯುಸಿ ಪುಸ್ತಕದಲ್ಲಿ ಚಿತ್ರ ಬರೆದು ಮರೆತಿರುತ್ತೀರಿ. ಕೊಡಗಿನ ತೋಟದ ಕೆರೆಗಳಲ್ಲಿ ಜೀವಂತ ಹುಡುಕಬಹುದು. ನಾನು ಮಗಳ ಶಾಲೆಯ ಪ್ರಾಜೆಕ್ಟಿಗೆ ಅಂತ ಶುರು ಮಾಡಿದೆ. ಪ್ರಾಜೆಕ್ಟ್ ಮುಗಿಯಿತು, ಬಾಟಲಿ ಮಾತ್ರ ಅಡುಗೆಮನೆ ಕಿಟಕಿಯಲ್ಲಿ ಉಳಿಯಿತು.

ಯಾವಾಗ, ಯಾವ ಕೆರೆ

ಹುತ್ತರಿ ಹೊತ್ತಿಗೆ ಶುರು ಮಾಡಿ. ನವೆಂಬರಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದ ಕೆಂಪು ನೀರು ತಿಳಿಯಾಗಿರುತ್ತದೆ, ನೀರು ತಣ್ಣಗಿರುತ್ತದೆ, ಜಿಗಣೆ ಕಾಟವೂ ಕಡಿಮೆ. ಹೈಡ್ರಾಕ್ಕೆ ಹದಿನೆಂಟು ಇಪ್ಪತ್ತು ಡಿಗ್ರಿ ಆಸುಪಾಸಿನ ತಂಪು ಇಷ್ಟ. ಬಯಲುಸೀಮೆಯವರು ಇದಕ್ಕೆ ಒದ್ದಾಡಬೇಕು, ನಮಗೆ ಪುಕ್ಕಟೆ.

ಹರಿಯುವ ತೋಡು ಬೇಡ. ನಿಂತ ನೀರು, ಒಂದಷ್ಟು ಜೊಂಡು ಪಾಚಿ, ಮೇಲೆ ಮರದ ನೆರಳು ಇರುವ ಹಳೆಯ ಕೆರೆ ಹುಡುಕಿ. ಸ್ಪ್ರಿಂಕ್ಲರ್‌ಗೆ ಅಂತ ಮೊನ್ನೆ ಮೊನ್ನೆ ಜೆಸಿಬಿಯಲ್ಲಿ ತೋಡಿದ ಹೊಂಡದಲ್ಲಿ ನನಗೆ ಏನೂ ಸಿಗಲಿಲ್ಲ. ಮೀಸಲು ಅರಣ್ಯದ ಒಳಗಿನ ಕೆರೆಯಿಂದ ಒಂದು ಎಲೆಯನ್ನೂ ತರಬೇಡಿ, ಕಾನೂನು ಬಿಡುವುದಿಲ್ಲ. ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಯಂಥ ಕಡೆ, ಗೌರಿ ಹಬ್ಬಕ್ಕೆ ಬಾಗಿನ ಬಿಡುವ ನೀರಲ್ಲಿ ಬಾಟಲಿ ಅದ್ದುವುದು ಬೇಡ. ಸ್ವಂತದ್ದು ಅಥವಾ ಕೇಳಿ ಒಪ್ಪಿಗೆ ಪಡೆದ ತೋಟದ ಕೆರೆ ಸಾಕು. ಇನ್ನೊಂದು ಮಾತು, ಬೆಳಗಿನ ಜಾವ ಮತ್ತು ಸಂಜೆ ಕೆರೆ ಹತ್ತಿರ ಹೋಗಲೇಬೇಡಿ. ಆನೆ ನೀರಿಗೆ ಬರುವ ಹೊತ್ತು ಅದು. ಹತ್ತು ಗಂಟೆ ಮೇಲೆ, ಇಬ್ಬರಾಗಿ ಹೋಗಿ.

ಎಲ್ಲಕ್ಕಿಂತ ಮುಖ್ಯ, ಮೈಲುತುತ್ತ. ಕಾಫಿಗೆ, ಮೆಣಸಿಗೆ ಬೋರ್ಡೋ ಹೊಡೆಯುತ್ತೇವಲ್ಲ, ಅದರಲ್ಲಿರುವ ತಾಮ್ರ ಹೈಡ್ರಾಕ್ಕೆ ಕಡು ವಿಷ. ತುಂಬಾ ಕಡಿಮೆ ಇದ್ದರೂ ಸಾಕು, ಅದರ ಮೀಸೆಯಂಥ ಕರಬಳ್ಳಿಗಳು ಮೊಂಡಾಗಿ, ಮೈ ಉಂಡೆಯಾಗಿ, ಕರಗಿ ಹೋಗುತ್ತದೆ. ಸ್ಪ್ರೇ ಮಾಡಿದ ಇಳಿಜಾರಿನ ನೀರು ಸೇರುವ ಕೆರೆಯಾದರೆ ಸುಮ್ನೆ ವಾಪಸ್ ಬನ್ನಿ. ನಾನು ಕಲಿತದ್ದು ಹೇಗೆ ಅಂದರೆ, ಮೊದಲ ಸಲ ತಂದ ಅಷ್ಟೂ ಹೈಡ್ರಾವನ್ನು ಶೆಡ್ಡಲ್ಲಿದ್ದ ಒಂದು ಬಕೆಟ್ಟಿಗೆ ಹಾಕಿದೆ. ಚೆನ್ನಾಗಿ ತೊಳೆದಿದ್ದೆ. ಬೆಳಿಗ್ಗೆ ನೋಡಿದರೆ ಒಂದೂ ಇಲ್ಲ. ಬಕೆಟ್ಟಿನ ಅಂಚಿನ ಕೆಳಗೆ ಬೆರಳು ಹಾಕಿ ಒರೆಸಿದಾಗ ತೆಳು ನೀಲಿ ಬಣ್ಣ ಅಂಟಿಕೊಂಡಿತು. ಹಿಂದಿನ ಮೇ ತಿಂಗಳಲ್ಲಿ ಅದರಲ್ಲೇ ಬೋರ್ಡೋ ಕಲಸಿದ್ದು ನಾನೇ. ತಾಮ್ರದ ಚೊಂಬೂ ಬೇಡ, ಕ್ಲೋರಿನ್ ಹಾಕಿದ ನಲ್ಲಿ ನೀರೂ ಬೇಡ.

ತರುವುದು, ಹುಡುಕುವುದು

ಉಪ್ಪಿನಕಾಯಿ ಅಥವಾ ಹಾರ್ಲಿಕ್ಸ್‌ನ ಗಾಜಿನ ಬಾಟಲಿ ಎರಡು ಮೂರು ತೆಗೆದುಕೊಳ್ಳಿ. ಸೋಪು ಮುಟ್ಟಿಸದೆ ಬಿಸಿನೀರಲ್ಲಿ ತೊಳೆಯಿರಿ. ಕೆರೆಯಂಚಿನ ಜಲಗಿಡ, ನೀರಲ್ಲಿ ಮುಳುಗಿದ ಕಡ್ಡಿ, ತಾವರೆ ಎಲೆಯ ಅಡಿಭಾಗ, ಇವನ್ನು ಒಂದು ಹಿಡಿ ಹಾಕಿ ಅದೇ ಕೆರೆಯ ನೀರು ತುಂಬಿ. ಸ್ಥಳದಲ್ಲೇ ಹೈಡ್ರಾ ಹುಡುಕಲು ಹೋಗಬೇಡಿ, ಕಾಣುವುದಿಲ್ಲ. ಅಲುಗಾಡಿಸಿದ ತಕ್ಷಣ ಅದು ಸಾಸಿವೆ ಕಾಳಿಗಿಂತ ಚಿಕ್ಕದಾಗಿ ಮುದುಡಿಕೊಳ್ಳುತ್ತದೆ. ಇನ್ನೊಂದು ಕ್ಯಾನಲ್ಲಿ ಐದು ಲೀಟರ್ ಕೆರೆ ನೀರನ್ನೂ ಬಟ್ಟೆಯಲ್ಲಿ ಸೋಸಿ ತನ್ನಿ. ನೀರು ಬದಲಿಸುವಾಗ ಬೇಕಾಗುತ್ತದೆ.

ಮನೆಯಲ್ಲಿ ನೇರ ಬಿಸಿಲು ಬೀಳದ ಕಿಟಕಿಯಲ್ಲಿಟ್ಟು ಮರೆತುಬಿಡಿ. ಒಂದೆರಡು ದಿನದಲ್ಲಿ ಹೈಡ್ರಾಗಳು ಬೆಳಕಿನ ಕಡೆಯ ಗಾಜಿಗೆ ಬಂದು ಅಂಟಿಕೊಳ್ಳುತ್ತವೆ. ಬಾಟಲಿ ಹಿಂದೆ ಕಪ್ಪು ಕಾಗದ ಹಿಡಿದು ಪಕ್ಕದಿಂದ ಮೊಬೈಲ್ ಟಾರ್ಚ್ ಬಿಡಿ. ಹೊಲಿಗೆ ದಾರದ ತುಂಡಿನ ತುದಿ ಬಿಚ್ಚಿ ಹರಡಿದ ಹಾಗೆ ಒಂದು ಕಾಣುತ್ತದೆ. ಅರ್ಧ ಸೆಂಟಿಮೀಟರಿಂದ ಒಂದು ಸೆಂಟಿಮೀಟರ್ ಉದ್ದ, ತುದಿಯಲ್ಲಿ ಐದಾರು ಮೀಸೆ. ಆ ಮೀಸೆಗಳೇ ಕರಬಳ್ಳಿ. ಬಾಟಲಿಗೆ ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಚಕ್ಕನೆ ಕುಗ್ಗಿ, ಆಮೇಲೆ ನಿಧಾನಕ್ಕೆ ಉದ್ದವಾಗುತ್ತದೆ. ಹಾಗೆ ಮಾಡಿದರೆ ಅದು ಹೈಡ್ರಾ, ಮಾಡದಿದ್ದರೆ ನಿಜವಾಗಲೂ ದಾರದ ತುಂಡು. ಮೊದಲ ವಾರ ನಾನು ಎರಡು ಬೇರುಗಳಿಗೆ ಹೆಸರು ಕೂಡ ಇಟ್ಟಿದ್ದೆ.

ಮಕ್ಕಳು ಕೈ ಹಾಕಿದರೆ ಕುಟುಕುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಚರ್ಮಕ್ಕೆ ಇದರ ಕುಟುಕು ತಿಳಿಯುವುದೇ ಇಲ್ಲ. ಭಯ ಬೇಡ.

ಊಟ ಹಾಕಿ ನೋಡುವುದು

ಅದೇ ಕೆರೆ ನೀರಲ್ಲಿ ಬಿಳಿ ಚುಕ್ಕಿಗಳ ಹಾಗೆ ಕುಪ್ಪಳಿಸುವ ಹುಳು ಇರುತ್ತವೆ, ನೀರು ಚಿಗಟ. ಇಂಕ್ ಫಿಲ್ಲರಲ್ಲಿ ಒಂದನ್ನು ಹಿಡಿದು ಹೈಡ್ರಾ ಹತ್ತಿರ ಬಿಡಿ. ಹಿಂದಿನ ದಿನ ಹೈಡ್ರಾಕ್ಕೆ ಏನೂ ಹಾಕಿರಬಾರದು. ಕೈಮಸೂರ ಹಿಡಿದು ಕೂತುಕೊಳ್ಳಿ, ಫೋನ್ ಬದಿಗಿಡಿ.

ಚಿಗಟ ಕುಪ್ಪಳಿಸುತ್ತಾ ಬರುತ್ತದೆ. ಕರಬಳ್ಳಿಗೆ ತಾಗಿದ ಕೂಡಲೇ ನಿಂತುಬಿಡುತ್ತದೆ. ಅಂಟಿಗೆ ಸಿಕ್ಕಿದ ಹಾಗೆ. ಒಂದೆರಡು ಸಲ ಒದ್ದಾಡುತ್ತದೆ, ಆಮೇಲೆ ಅದರ ಕಾಲು ಸುಮ್ಮನಾಗುತ್ತದೆ. ಪಾರದರ್ಶಕ ಮೈಯೊಳಗೆ ಹೃದಯ ಮಾತ್ರ ಇನ್ನೂ ಸ್ವಲ್ಪ ಹೊತ್ತು ಪಟಪಟ ಅನ್ನುವುದು ಕಾಣುತ್ತದೆ. ಉಳಿದ ಕರಬಳ್ಳಿಗಳು ಒಂದೊಂದಾಗಿ ಬಾಗಿ ಬರುತ್ತವೆ. ಬಾಯಿ ಎಲ್ಲಿತ್ತು ಅಂತಲೇ ಗೊತ್ತಾಗದ ಜಾಗದಲ್ಲಿ ಬಾಯಿ ತೆರೆದು, ತನ್ನ ಮೈಗಿಂತ ದಪ್ಪದ ಹುಳುವನ್ನು ಕಾಲುಚೀಲ ಹಾಕಿಕೊಂಡ ಹಾಗೆ ನುಂಗುತ್ತದೆ.

ತಾಗಿದ್ದಕ್ಕೂ ನಿಂತಿದ್ದಕ್ಕೂ ನಡುವೆ ಆದದ್ದು ನಿಮಗೆ ಕಾಣಲಿಲ್ಲ, ಕಾಣುವುದೂ ಸಾಧ್ಯವಿಲ್ಲ. ಕರಬಳ್ಳಿಯ ಒಂದೊಂದು ಕುಟುಕು ಕೋಶದ ಒಳಗೆ ಒಂದು ಸಣ್ಣ ಡಬ್ಬಿ, ಡಬ್ಬಿಯೊಳಗೆ ಸುರುಳಿ ಸುತ್ತಿದ ಟೊಳ್ಳು ದಾರ. ಡಬ್ಬಿಯ ಒಳಗಿನ ಒತ್ತಡ ಸುಮಾರು 150 ಬಾರ್. ಕಾರಿನ ಟೈರಲ್ಲಿ ಇರುವುದು ಎರಡು ಎರಡೂವರೆ ಬಾರ್ ಅಷ್ಟೇ. ಹೊರಗೆ ಒಂದು ರೋಮದಂಥ ಟ್ರಿಗರ್. ಅದು ಮೀಟಿದರೆ ಮುಚ್ಚಳ ಹಾರಿ, ದಾರ ಒಳಹೊರಗಾಗಿ ಸಿಡಿಯುತ್ತದೆ. 2006ರಲ್ಲಿ ಜರ್ಮನಿಯ ವಿಜ್ಞಾನಿಗಳು ಸೆಕೆಂಡಿಗೆ 14 ಲಕ್ಷಕ್ಕೂ ಜಾಸ್ತಿ ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟು ಹೈಡ್ರಾದ ಈ ಸಿಡಿತವನ್ನು ಅಳೆದರು. ಮುಖ್ಯ ಏಟು ಮುಗಿಯಲು ಹಿಡಿದದ್ದು 700 ನ್ಯಾನೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ.

ಹೈಡ್ರಾದಲ್ಲಿ ಇಂಥ ಡಬ್ಬಿ ನಾಲ್ಕು ಬಗೆ. ಒಂದು ಚುಚ್ಚಿ ವಿಷ ಇಳಿಸುತ್ತದೆ. ಇನ್ನೊಂದು ಬೇಟೆಯ ರೋಮಕ್ಕೆ ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳುತ್ತದೆ. ಉಳಿದೆರಡು ಬೇರೆ ಕೆಲಸಕ್ಕೆ. ಒಂದು ಡಬ್ಬಿ ಒಂದೇ ಸಲ, ಖರ್ಚಾದರೆ ಖರ್ಚಾಯಿತು, ತೋಟೆಯ ಹಾಗೆ. ಮೈಯಲ್ಲಿರುವ ಕಾಂಡಕೋಶಗಳು ಹೊಸದು ತಯಾರಿಸಿ ಕರಬಳ್ಳಿಗೆ ಕಳಿಸಬೇಕು. ಇಷ್ಟು ದುಬಾರಿ ಮದ್ದುಗುಂಡು ಇಟ್ಟುಕೊಂಡವರು ಕಂಡಕಂಡಲ್ಲಿ ಹಾರಿಸುವುದಿಲ್ಲ ಅಲ್ವಾ? ಅದನ್ನೇ ಈಗ ಪರೀಕ್ಷೆ ಮಾಡೋಣ.

ಮೂರು ಪರೀಕ್ಷೆ

ಮೊದಲನೆಯದಕ್ಕೆ ಏನೂ ಬೇಕಾಗಿಲ್ಲ. ಸುಮ್ನೆ ನೋಡಿ. ಹೈಡ್ರಾದ ಕರಬಳ್ಳಿಗಳು ದಿನವಿಡೀ ಒಂದಕ್ಕೊಂದು ತಾಗುತ್ತವೆ, ತನ್ನದೇ ಮೈಗೆ ಒರೆಸುತ್ತವೆ. ಏನೂ ಆಗುವುದಿಲ್ಲ. ಪಕ್ಕದಲ್ಲೇ ಮೊಗ್ಗೊಡೆದು ಬೆಳೆದ ಮರಿಯ ಕರಬಳ್ಳಿ ತಾಯಿಗೆ ತಾಗುತ್ತದೆ, ಆಗಲೂ ಇಲ್ಲ.

ಎರಡನೆಯದು ಕೂದಲಿನ ಪರೀಕ್ಷೆ. ತಲೆಕೂದಲು ಎರಡು ಎಳೆ ಬೇಕು, ಎಣ್ಣೆ ಶಾಂಪೂ ಎಲ್ಲ ಹೋಗುವ ಹಾಗೆ ಬಿಸಿನೀರಲ್ಲಿ ಚೆನ್ನಾಗಿ ತೊಳೆದದ್ದು. ಒಂದನ್ನು ಹಾಗೇ ಕರಬಳ್ಳಿಗೆ ಮೆಲ್ಲಗೆ ತಾಗಿಸಿ. ಇನ್ನೊಂದನ್ನು ಜಜ್ಜಿದ ನೀರು ಚಿಗಟದ ರಸದಲ್ಲಿ ಅದ್ದಿ ಬೇರೊಂದು ಹೈಡ್ರಾಕ್ಕೆ ತಾಗಿಸಿ. ಎರಡನ್ನೂ ಮೈಕ್ರೋಸ್ಕೋಪಿನಡಿ ಇಟ್ಟು, ಅಂಟಿದ ಡಬ್ಬಿಗಳನ್ನು ಲೆಕ್ಕ ಹಾಕಿ. ರಸ ಹಚ್ಚಿದ ಕೂದಲಲ್ಲಿ ಜಾಸ್ತಿ ಇರಬೇಕು, ನಮಗೆ ಹಾಗೇ ಬಂತು. ಬರೀ ಸ್ಪರ್ಶ ಸಾಲದು, ರುಚಿಯೂ ಬೇಕು. ಮೂರನೆಯದು, ಹೊಟ್ಟೆ ತುಂಬಾ ತಿಂದ ಹೈಡ್ರಾಕ್ಕೆ ಇನ್ನೊಂದು ಚಿಗಟ ಬಿಡುವುದು. ಎಷ್ಟೋ ಸಲ ಚಿಗಟ ತಾಗಿಕೊಂಡೇ ದಾಟಿ ಹೋಗುತ್ತದೆ. ಹೊಟ್ಟೆ ತುಂಬಿದ ಹೈಡ್ರಾ ಕುಟುಕುವುದನ್ನೇ ಕಡಿಮೆ ಮಾಡುತ್ತದೆ.

ಮೈಕ್ರೋಸ್ಕೋಪ್ ಶಾಲೆಯದ್ದು ಸಾಕು, ಕಾಗದದ ಫೋಲ್ಡ್‌ಸ್ಕೋಪ್ ಇದ್ದರೂ ನಡೆಯುತ್ತದೆ. ಹೈಡ್ರಾವನ್ನೇ ನೋಡುವುದಾದರೆ ಸ್ಲೈಡ್ ಮೇಲೆ ಒಂದು ಹನಿ ನೀರಲ್ಲಿ ಬಿಟ್ಟು, ಕವರ್‌ಸ್ಲಿಪ್ ಅಡಿಗೆ ಎರಡು ಬದಿಯಲ್ಲಿ ಕೂದಲು ಇಡಿ. ಇಲ್ಲದಿದ್ದರೆ ಚಟ್ನಿಯಾಗುತ್ತದೆ. ಕರಬಳ್ಳಿಯ ಮೇಲೆ ಗಂಟು ಗಂಟಾಗಿ ನಿಂಬೆಹಣ್ಣಿನ ಆಕಾರದ ಹೊಳೆಯುವ ಮಣಿಗಳು ಕಾಣುತ್ತವೆ. ಅಂಚಲ್ಲಿ ಒಂದು ಹನಿ ತೆಳು ವಿನೆಗರ್ ಬಿಟ್ಟರೆ ದಾರಗಳು ಸಿಡಿದು ಹೊರಗೆ ಬಂದದ್ದು ಕಾಣುತ್ತದೆ. ಆ ಹೈಡ್ರಾ ಉಳಿಯುವುದಿಲ್ಲ, ಹಾಗಾಗಿ ಇದನ್ನು ಒಂದೇ ಸಲ ಮಾಡಿ. ಮಗಳು ಆ ದಿನ ಮಾತಾಡಲಿಲ್ಲ.

ಇದರಲ್ಲಿ ರೋಗನಿರೋಧಕ ಶಕ್ತಿ ಎಲ್ಲಿ ಬಂತು?

ಬಾಟಲಿಯಲ್ಲಿ ಕಂಡದ್ದು ಊಟದ ವಿಚಾರ ಆಯಿತು. ಇದೇ ಕೋಶಗಳು ಗಡಿ ಜಗಳಕ್ಕೂ ಇಳಿಯುತ್ತವೆ. ಅದು ಚೆನ್ನಾಗಿ ಕಾಣುವುದು ಹೈಡ್ರಾಕ್ಟೀನಿಯಾ ಅನ್ನುವ ಸಮುದ್ರದ ದಾಯಾದಿಯಲ್ಲಿ. ಸನ್ಯಾಸಿ ಏಡಿ ಹೊತ್ತು ತಿರುಗುವ ಚಿಪ್ಪಿನ ಮೇಲೆ ಇದು ಪಾಚಿಯ ಹಾಗೆ ಹರಡುತ್ತದೆ. ಒಂದೇ ಚಿಪ್ಪಿನ ಮೇಲೆ ಎರಡು ಕುಟುಂಬ ಬೆಳೆದು ಅಂಚಿಗೆ ಅಂಚು ತಾಗಿದರೆ ಆಗ ವಿಚಾರಣೆ. ಎಎಲ್‌ಆರ್ 1, ಎಎಲ್‌ಆರ್ 2 ಅಂತ ಎರಡು ಜೀನ್ ಇವೆ. ಮನೆ ಹೆಸರು ಅಂದುಕೊಳ್ಳಿ. ಎರಡರಲ್ಲೂ ಹೊಂದಾಣಿಕೆ ಸಿಕ್ಕರೆ ಎರಡು ಮೈ ಬೆಸೆದು ಒಂದಾಗುತ್ತವೆ. ಹೊಂದದಿದ್ದರೆ ಅಂಚಿನ ಬೇರಿನಂಥ ಎಳೆಗಳು ಊದಿಕೊಳ್ಳುತ್ತವೆ, ಅಲ್ಲಿಗೆ ಕುಟುಕು ಕೋಶಗಳು ಬಂದು ಸಾಲುಗಟ್ಟಿ, ಎದುರಿನವನ ಮೈಗೆ ಸಿಡಿಯುತ್ತವೆ. ಎಷ್ಟೋ ಸಲ ಒಂದು ಕಡೆಯವರು ಸಾಯುವ ತನಕ. ನಮ್ಮಲ್ಲಿ ಬೇರೆಯವರ ಕಿಡ್ನಿ ಕಸಿ ಮಾಡಿದಾಗ ದೇಹ ತಿರಸ್ಕರಿಸುತ್ತದಲ್ಲ, ಹೆಚ್ಚುಕಡಿಮೆ ಅದೇ ಕೆಲಸ, ಬಿಳಿ ರಕ್ತಕಣದ ಬದಲು ಇಲ್ಲಿ ಈಟಿ. ಹವಳಗಳೂ ಜಾಗಕ್ಕಾಗಿ ರಾತ್ರಿ ಹೊತ್ತು ಉದ್ದುದ್ದ ಕರಬಳ್ಳಿ ಚಾಚಿ ಪಕ್ಕದವರನ್ನು ಸುಡುತ್ತವೆ. ಶಾಂತವಾಗಿ ಕಾಣುವ ಹವಳದ ದಿಬ್ಬ ನಮ್ಮ ಬೇಲಿ ಜಗಳಗಳಿಗಿಂತ ಕಡೆ.

ಹೈಡ್ರಾ ಈ ವಿಷಯದಲ್ಲಿ ಸಾಧು. ಅದರ ರಕ್ಷಣೆ ಬೇರೆ ತರಹ, ಅದನ್ನು ನೀವು ಬಾಟಲಿಯಲ್ಲೇ ನೋಡುತ್ತೀರಿ, ಬೇಡ ಅಂದರೂ. ಮಳೆಗಾಲದಲ್ಲಿ ನಮ್ಮ ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್ ಎಲ್ಲದರ ಮೇಲೂ ಬೂಷ್ಟು ಬರುತ್ತದೆ. ಹೈಡ್ರಾಕ್ಕೆ ರಕ್ತ ಇಲ್ಲ, ಬಿಳಿ ಕಣ ಇಲ್ಲ, ಪ್ರತಿಕಾಯ ಇಲ್ಲ, ಇರುವುದು ಎರಡು ಪದರ ಚರ್ಮ. ಆದರೂ ಕೊಳೆನೀರಲ್ಲಿ ಬೂಷ್ಟು ಹಿಡಿಯದೆ ಬದುಕುತ್ತದೆ. ಕಾರಣ ಎರಡು. ಅದರ ಚರ್ಮದ ಕೋಶಗಳೇ ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಪ್ರೋಟೀನ್‌ಗಳನ್ನು ಮಾಡುತ್ತವೆ. ಅಂಥದ್ದೊಂದಕ್ಕೆ ಹೈಡ್ರಾಮಾಸಿನ್ ಅಂತಲೇ ಹೆಸರು. ಎರಡನೆಯದು, ಮೈಮೇಲಿನ ಲೋಳೆಯಲ್ಲಿ ಸಾಕಿಕೊಂಡ ಬ್ಯಾಕ್ಟೀರಿಯಾಗಳು. ಜರ್ಮನಿಯ ಕೀಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಬಾಷ್ ತಂಡ ಈ ಬ್ಯಾಕ್ಟೀರಿಯಾಗಳನ್ನು ಪೂರ್ತಿ ತೆಗೆದು ನೋಡಿದಾಗ ಹೈಡ್ರಾಕ್ಕೆ ಬೂಷ್ಟು ಹಿಡಿಯಿತು. ಹೊಂದುವ ಬ್ಯಾಕ್ಟೀರಿಯಾ ವಾಪಸ್ ಕೊಟ್ಟಾಗ ತಡೆ ಮರಳಿತು.

ಹಾಗಾಗಿ ಬಾಟಲಿ ಸಾಕುವಾಗ ಎರಡು ಮಾತು ನೆನಪಿರಲಿ. ಅತಿ ಸ್ವಚ್ಛ ಮಾಡಬೇಡಿ. ನೀರು ಬದಲಿಸುವಾಗ ಒಂದೇ ಸಲಕ್ಕೆ ಅರ್ಧಕ್ಕಿಂತ ಹೆಚ್ಚು ಬೇಡ, ಕುದಿಸಿದ ನೀರು ಬೇಡ, ಸೋಸಿಟ್ಟ ಕೆರೆ ನೀರು ಹಾಕಿ. ಮತ್ತೆ, ಊಟ ದಿನ ಬಿಟ್ಟು ದಿನ ಸಾಕು, ಖರ್ಚಾದ ಕುಟುಕು ಡಬ್ಬಿಗಳು ಮತ್ತೆ ತುಂಬಲು ಅಷ್ಟು ಸಮಯ ಬೇಕು. ಜಾಸ್ತಿ ಹಾಕಿದರೆ ಉಳಿದ ಹುಳು ಕೊಳೆತು ಬಿಳಿ ಹತ್ತಿಯಂಥದ್ದು ಬೆಳೆಯುತ್ತದೆ. ಕಂಡರೆ ಫಿಲ್ಲರಲ್ಲಿ ಎಳೆದು ತೆಗೆಯಿರಿ. ಚೆನ್ನಾಗಿ ತಿಂದ ಹೈಡ್ರಾ ಎರಡು ಮೂರು ದಿನಕ್ಕೊಂದು ಮರಿ ಹಾಕುತ್ತದೆ, ತಿಂಗಳಲ್ಲಿ ಬಾಟಲಿ ಸಾಲದು.

ಕಡಲಿಗೆ ಹೋಗುವವರಿಗೆ

ರಜೆ ಬಂತು ಅಂದರೆ ವಿರಾಜಪೇಟೆಯವರು ಮಾಕುಟ್ಟ ಇಳಿದು ಕಣ್ಣೂರಿಗೆ, ಮಡಿಕೇರಿಯವರು ಸಂಪಾಜೆ ಇಳಿದು ಮಂಗಳೂರಿಗೆ. ಅಲ್ಲಿ ಸಿಗುವವರು ಹೈಡ್ರಾದ ಹಾಗೆ ಸಾಧುಗಳಲ್ಲ. ಮರಳ ಮೇಲೆ ಸತ್ತು ಬಿದ್ದ ಅಂಬಲಿ ಮೀನು, ನೀಲಿ ಗುಳ್ಳೆ (ಪೋರ್ಚುಗೀಸ್ ಮ್ಯಾನ್ ಓ ವಾರ್ ಅನ್ನುವ ಇದೇ ಗುಂಪಿನ ಪ್ರಾಣಿ), ಯಾವುದನ್ನೂ ಮುಟ್ಟಬೇಡಿ. ಯಜಮಾನ ಸತ್ತರೂ ಡಬ್ಬಿ ಸಾಯುವುದಿಲ್ಲ, ಒಣಗಿದ್ದೂ ಸಿಡಿಯಬಹುದು.

ಕುಟುಕಿದರೆ ಉಜ್ಜಬೇಡಿ. ಬಾಟಲಿಯ ಕುಡಿಯುವ ನೀರು ಸುರಿಯಬೇಡಿ, ಚರ್ಮದ ಮೇಲೆ ಸಿಡಿಯದೆ ಉಳಿದವು ಸಿಡಿಯಬಹುದು. ಮೂತ್ರದ ಕತೆ ಮರೆತುಬಿಡಿ. ಸಮುದ್ರದ ನೀರಲ್ಲೇ ತೊಳೆದು, ಅಂಟಿದ ಎಳೆಯನ್ನು ಇಕ್ಕಳದಲ್ಲೋ ಬಟ್ಟೆ ಸುತ್ತಿದ ಬೆರಳಲ್ಲೋ ಎತ್ತಿ ತೆಗೆಯಿರಿ. ಆಮೇಲೆ ತಡೆಯುವಷ್ಟು ಬಿಸಿ, ಅಂದರೆ 45 ಡಿಗ್ರಿ ಮೀರದ ನೀರಲ್ಲಿ ಇಪ್ಪತ್ತು ನಿಮಿಷ ಅದ್ದಿದರೆ ನೋವು ಇಳಿಯುತ್ತದೆ. ವಿನೆಗರ್ ಎಲ್ಲದಕ್ಕೂ ಮದ್ದಲ್ಲ. ಬಾಕ್ಸ್ ಜೆಲ್ಲಿ ಅನ್ನುವ ಜಾತಿಯ ಅಂಬಲಿ ಮೀನಿನ ಕುಟುಕು ಕೋಶಗಳನ್ನು ಅದು ತಡೆಯುತ್ತದೆ ನಿಜ. ಆದರೆ ನಿಮ್ಮ ಸ್ಲೈಡಿನ ಹೈಡ್ರಾದಲ್ಲಿ ಅದೇ ವಿನೆಗರ್ ಏನು ಮಾಡಿತು ಅಂತ ನೀವೇ ನೋಡಿದ್ದೀರಿ. ಯಾವುದು ಕುಟುಕಿದೆ ಅಂತ ಗೊತ್ತಿಲ್ಲದೆ ಸುರಿಯಬೇಡಿ, ದಡದ ಲೈಫ್‌ಗಾರ್ಡ್ ಹತ್ತಿರ ಕೇಳಿ.

ಒಮ್ಮೆ ಕುಟುಕಿಸಿಕೊಂಡವರು ಎರಡನೇ ಸಲ ಇನ್ನೂ ಹುಷಾರಾಗಿರಬೇಕು. ಇದು ಗೊತ್ತಾದ ಕತೆ ಈ ಪ್ರಾಣಿಗಳಿಂದಲೇ ಶುರುವಾಯಿತು. 1901ರಲ್ಲಿ ಮೊನಾಕೊ ರಾಜ ಒಂದನೇ ಆಲ್ಬರ್ಟ್‌ನ ಹಡಗಿನಲ್ಲಿ ಶಾರ್ಲ್ ರಿಶೆ, ಪಾಲ್ ಪೋರ್ತಿಯೆ ಅನ್ನುವ ಇಬ್ಬರು ಫ್ರೆಂಚ್ ವಿಜ್ಞಾನಿಗಳು ನೀಲಿ ಗುಳ್ಳೆಯ ವಿಷ ಪರೀಕ್ಷಿಸಿದರು. ಪ್ಯಾರಿಸ್‌ಗೆ ಮರಳಿದ ಮೇಲೆ ಅದು ಸಿಗದೆ ಕಡಲ ಹೂವಿನ ವಿಷ ಹಿಡಿದರು. ಸ್ವಲ್ಪ ಸ್ವಲ್ಪ ಕೊಟ್ಟರೆ ನಾಯಿಗಳಿಗೆ ತಡೆದುಕೊಳ್ಳುವ ಶಕ್ತಿ ಬರುತ್ತದೆ ಅಂತ ಅವರ ಲೆಕ್ಕ. ನೆಪ್ಚೂನ್ ಅನ್ನುವ ಗಟ್ಟಿಮುಟ್ಟಾದ ನಾಯಿಗೆ ಮೊದಲ ಡೋಸ್ ಏನೂ ಮಾಡಲಿಲ್ಲ. 22 ದಿನ ಬಿಟ್ಟು ಅಷ್ಟೇ ಡೋಸ್ ಕೊಟ್ಟರು. ಕೆಲವೇ ಸೆಕೆಂಡಲ್ಲಿ ಏದುಸಿರು ಬಂತು, 25 ನಿಮಿಷದಲ್ಲಿ ಸತ್ತಿತು. ಕಾಪಾಡಬೇಕಾದ ದೇಹವೇ ತಿರುಗಿ ಬಿದ್ದಿತ್ತು. ಅದಕ್ಕೆ ಅವರು 1902ರಲ್ಲಿ ಅನಾಫಿಲ್ಯಾಕ್ಸಿಸ್ ಅಂತ ಹೆಸರಿಟ್ಟರು, ರಿಶೆಗೆ 1913ರಲ್ಲಿ ನೊಬೆಲ್ ಬಂತು.

ತೋಟದಲ್ಲಿ ಕಣಜ, ಹೆಜ್ಜೇನು ಹೊಡೆದಾಗ ಒಬ್ಬರು ಊತದಲ್ಲಿ ಪಾರಾಗಿ ಇನ್ನೊಬ್ಬರು ಕುಸಿದು ಬೀಳುವುದಕ್ಕೂ ಇದೇ ಅನಾಫಿಲ್ಯಾಕ್ಸಿಸ್ ಕಾರಣ ಇರಬಹುದು. ಹಾಗಾಗಿ ಕಡಲಲ್ಲಾಗಲಿ ತೋಟದಲ್ಲಾಗಲಿ ಕುಟುಕಿದ ಮೇಲೆ ತುಟಿ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ಬಿಸಿನೀರು ಕಾಯಿಸುತ್ತಾ ಕೂರಬೇಡಿ. ಆಸ್ಪತ್ರೆಗೆ ಓಡಿ. ಅಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಕೊಡುತ್ತಾರೆ.

ವಾಪಸ್ ಬಿಡುವುದು

ಮಾರ್ಚ್ ಬಂದು ಬಾಟಲಿ ನೀರು ಬೆಚ್ಚಗಾದ ಮೇಲೆ ಹೈಡ್ರಾಗಳು ಬಾಡಲು ಶುರುವಾಗುತ್ತವೆ. ಅಷ್ಟರೊಳಗೆ ತಂದ ಕೆರೆಗೇ ಬಿಡಿ. ಬೇರೆ ಕೆರೆಗೆ ಬೇಡ, ಅಕ್ವೇರಿಯಮ್‌ಗಂತೂ ಬೇಡವೇ ಬೇಡ, ಗಪ್ಪಿ ಮರಿಗಳನ್ನು ಹಿಡಿದು ತಿನ್ನುತ್ತವೆ. ಕಾಫಿ ಹೂ ಬಿಡಿಸುವ ಹೂ ಮಳೆ ಬರಲಿಲ್ಲ ಅಂತ ಪಕ್ಕದವರು ಪಂಪ್ ಹಚ್ಚಿದ್ದರೆ ಪೈಪಿನ ಬಾಯಿಯಿಂದ ದೂರ, ಜೊಂಡಿನ ಬುಡದಲ್ಲಿ ಬಾಟಲಿಯನ್ನು ಓರೆ ಹಿಡಿದು ನೀರೊಳಗೇ ಮುಳುಗಿಸಿ. ಗಾಜಿಗೆ ಅಂಟಿಕೊಂಡವು ಬೇಗ ಬಿಡುವುದಿಲ್ಲ. ಫಿಲ್ಲರಲ್ಲಿ ನೀರು ಊದಿ ಒಂದೊಂದನ್ನೇ ಕಳಿಸಬೇಕು. ಹೋದ ಸಲ ನಮಗೆ ಅದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು, ಒಂದು ಮಾತ್ರ ಎಷ್ಟು ಊದಿದರೂ ಬಿಡಲಿಲ್ಲ, ಬಾಟಲಿ ಸಮೇತ ಮತ್ತೆ ಮನೆಗೆ ಬಂತು.